ತೆರೆದ ಕಡಲಿನ ಶಾರ್ಕ್‌ಗಳನ್ನು ಚಿತ್ರೀಕರಿಸಿದ ಬಗೆ

ಹವಳದ ದಿಬ್ಬದ ಶಾರ್ಕ್ ಮತ್ತು ತೆರೆದ ಕಡಲಿನ ಶಾರ್ಕ್ ಎರಡನ್ನೂ ಚಿತ್ರೀಕರಿಸಿದವರಿಗೆ ಮೊದಲು ಕಾಣುವ ವ್ಯತ್ಯಾಸವೆಂದರೆ, ಎರಡನೆಯದಕ್ಕಾಗಿ ಕಾದು ಕೂರುವುದಕ್ಕೆ ಒಂದು ಜಾಗವೇ ಇಲ್ಲದಿರುವುದು. ದಿಬ್ಬದ ಶಾರ್ಕ್‌ಗೆ ನೆಲೆಯಿದೆ, ಅದು ಸುತ್ತುವ ಅಂಚುಗಳನ್ನು ಕೆಲವು ದಿನ ಗಮನಿಸಿದರೆ ಕ್ಯಾಮೆರಾ ಎಲ್ಲಿಡಬೇಕೆಂದು ತಿಳಿಯುತ್ತದೆ. ಕಾಸರಗೋಡಿನಿಂದ ಪಶ್ಚಿಮಕ್ಕೆ ಹೊರಟು, ಭೂಖಂಡದ ಅಂಚನ್ನು ದಾಟಿ, ಕೆಳಗೆ ಸಾವಿರ ಮೀಟರಿಗೂ ಮಿಕ್ಕ ಆಳವಿರುವಲ್ಲಿ ಎಂಜಿನ್ ನಿಲ್ಲಿಸಿದರೆ ಸುತ್ತಲೂ ಇರುವುದು ನೀಲಿ ನೀರು ಮಾತ್ರ. ಮಂಜೇಶ್ವರದ ಕಡಲ ದಂಡೆಯಲ್ಲಿ ಬೆಳೆದ ನಾನು ಈ ಸಾಕ್ಷ್ಯಚಿತ್ರವನ್ನು ಕನ್ನಡದಲ್ಲಿ ಮಾಡಬೇಕೆಂದು ಹೊರಟಾಗ ಬಿಡಿಸಬೇಕಾಗಿದ್ದ ಮೊದಲ ಪ್ರಶ್ನೆ ಇದೇ ಆಗಿತ್ತು: ಅಷ್ಟು ನೀರಿನಲ್ಲಿ ಎಲ್ಲಿ ಇಳಿಯುವುದು?

ಅನೇಕ ತಂಡಗಳು ಮೀನಿನ ರಕ್ತವನ್ನೂ ಕೊಚ್ಚಿದ ಮೀನನ್ನೂ ನೀರಿಗೆ ಸುರಿದು ಶಾರ್ಕ್‌ಗಳನ್ನು ಕರೆಸಿಕೊಳ್ಳುತ್ತವೆ. ನಾವು ಅದನ್ನು ಮಾಡಬಾರದೆಂದು ಮೊದಲೇ ತೀರ್ಮಾನಿಸಿದ್ದೆವು. ಆಹಾರದ ವಾಸನೆಗೆ ಬಂದ ಶಾರ್ಕ್ ಕ್ಯಾಮೆರಾದತ್ತ ಬಾಯಿ ತೆರೆದು ನುಗ್ಗುತ್ತದೆ, ನೋಡುವವರು ಅದನ್ನೇ ಅದರ ನಿತ್ಯದ ಸ್ವಭಾವವೆಂದು ನಂಬುತ್ತಾರೆ. ಜನರ ಮನಸ್ಸಿನಲ್ಲಿರುವ ಹಲ್ಲಿನ ಭಯವನ್ನು ಇನ್ನಷ್ಟು ಬೆಳೆಸುವ ಚಿತ್ರ ನನಗೆ ಬೇಕಾಗಿರಲಿಲ್ಲ. ಹಾಗಾಗಿ ಕಡಲನ್ನು ಓದಬಲ್ಲವರನ್ನು ಆಶ್ರಯಿಸುವುದೊಂದೇ ಉಳಿದ ದಾರಿಯಾಯಿತು. ಆಳಸಮುದ್ರದ ಮೀನುಗಾರಿಕೆಯಲ್ಲಿ ತಲೆ ನರೆತ ಒಬ್ಬ ತಂಡೇಲರು (ದೋಣಿಯ ಮುಖ್ಯಸ್ಥರು) ನಮ್ಮ ಜೊತೆ ಬರಲು ಒಪ್ಪಿದರು. ನೀರನ್ನು ನೋಡುತ್ತಾ ಕೂತಿದ್ದ ನನಗೆ ಅವರು ಆಕಾಶವನ್ನು ನೋಡಲು ಹೇಳಿದರು. ಕಡಲಹಕ್ಕಿಗಳು ಒಂದೆಡೆ ಮುಗಿಬಿದ್ದು ನೀರಿಗೆ ಎರಗುತ್ತಿದ್ದರೆ ಕೆಳಗೆ ಸಣ್ಣ ಮೀನುಗಳನ್ನು ಮೇಲಕ್ಕಟ್ಟುತ್ತಿರುವ ಟ್ಯೂನಾ ಹಿಂಡು ಇರುತ್ತದೆ, ಟ್ಯೂನಾ ಇರುವಲ್ಲಿಗೆ ಶಾರ್ಕ್ ಬರುವ ಸಾಧ್ಯತೆ ಹೆಚ್ಚು.

ಅವರು ತೋರಿಸಿದ ಇನ್ನೊಂದು ಗುರುತು ತೇಲುವ ವಸ್ತುಗಳು. ಮಳೆಗಾಲದ ಹೊಳೆಗಳು ಕೊಚ್ಚಿ ತಂದ ಮರದ ದಿಮ್ಮಿ, ತೆಂಗಿನ ಕಾಂಡ, ಕಳಚಿಹೋದ ಬಲೆಯ ತುಂಡು, ಹೀಗೆ ಏನು ತೇಲುತ್ತಿದ್ದರೂ ಅದರ ನೆರಳಿನಲ್ಲಿ ಮೊದಲು ಸಣ್ಣ ಮೀನು, ಬಳಿಕ ದೊಡ್ಡ ಮೀನು, ಕೊನೆಗೆ ತೆರೆದ ಕಡಲಿನ ಒಂದು ಜಾತಿಯಾದ ಸಿಲ್ಕಿ ಶಾರ್ಕ್ ಸೇರುತ್ತದೆ. ಕೇರಳದಲ್ಲಿ ಜೂನ್ 10ರಿಂದ ಜುಲೈ 31ರವರೆಗೆ 52 ದಿನಗಳ ಟ್ರಾಲಿಂಗ್ (ಯಾಂತ್ರಿಕ ದೋಣಿಯಿಂದ ಬಲೆ ಎಳೆಯುವ ಮೀನುಗಾರಿಕೆ) ನಿಷೇಧವಿರುತ್ತದೆ, ಅದರ ನಂತರವೂ ಕಡಲು ಬೇಗ ಶಾಂತವಾಗುವುದಿಲ್ಲ. ಆದ್ದರಿಂದ ಮಳೆಗಾಲ ಪೂರ್ತಿ ಮುಗಿದು ನೀರು ತಿಳಿಯಾದ ಮೇಲಿನ ತಿಂಗಳುಗಳನ್ನೇ ನಾವು ಆರಿಸಿಕೊಂಡೆವು.

ನೀರಿಗಿಳಿದ ಮೇಲಿನ ಕೆಲಸ ಬೇರೆಯೇ. ಮೇಲಿನ ಹತ್ತು ಮೀಟರಿನೊಳಗೆ ಬೆಳಕು ಚೆನ್ನಾಗಿರುವುದರಿಂದ ಬಹುಪಾಲು ಚಿತ್ರೀಕರಣವನ್ನು ಸಿಲಿಂಡರ್ ಇಲ್ಲದೆ ಉಸಿರು ಹಿಡಿದೇ ಮಾಡಿದೆವು, ಏಕೆಂದರೆ ಸಿಲಿಂಡರಿನ ಗುಳ್ಳೆಗಳ ಸದ್ದಿಗೆ ಹಲವು ಮೀನುಗಳು ದೂರ ಸರಿಯುತ್ತವೆ. ತೆರೆದ ನೀರಿನಲ್ಲಿ ಕಣ್ಣಿಗೆ ತಳವಾಗಲಿ ಗೋಡೆಯಾಗಲಿ ಸಿಗದೆ ಎಷ್ಟು ಕೆಳಗಿಳಿದೆವೆಂಬ ಅಂದಾಜೇ ತಪ್ಪಿಹೋಗುತ್ತದೆ, ಆ ಕಾರಣ ದೋಣಿಯಿಂದ ತೂಕ ಕಟ್ಟಿದ, ಅಳತೆಯ ಗುರುತುಗಳಿದ್ದ ಹಗ್ಗವೊಂದನ್ನು ಸದಾ ಇಳಿಬಿಟ್ಟಿರುತ್ತಿದ್ದೆವು. ಕ್ಯಾಮೆರಾ ಹಿಡಿದವನ ಕಣ್ಣು ಚೌಕಟ್ಟಿನೊಳಗೇ ಸಿಕ್ಕಿಕೊಂಡಿರುತ್ತದಾದ್ದರಿಂದ ಬೆನ್ನ ಹಿಂದೆಯೂ ಕೆಳಗೂ ನೋಡುವುದಕ್ಕೆ ಇನ್ನೊಬ್ಬರು ಬೇಕೇಬೇಕು, ಅವರ ಕೈಯಲ್ಲಿ ಕ್ಯಾಮೆರಾ ಇರಕೂಡದು. ಶಾರ್ಕ್ ಬೆನ್ನು ಗೂನಿಸಿ, ಎದೆರೆಕ್ಕೆಗಳನ್ನು ಕೆಳಕ್ಕೆ ಬಾಗಿಸಿ ಬಿಗಿಯಾಗಿ ಈಜತೊಡಗಿದರೆ ಅದು ಎಚ್ಚರಿಕೆ. ಅಂಥ ಭಂಗಿ ಕಂಡೊಡನೆ, ಚೌಕಟ್ಟು ಎಷ್ಟೇ ಚೆನ್ನಾಗಿದ್ದರೂ, ಅದಕ್ಕೆ ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿದು ದೋಣಿ ಹತ್ತುವುದು ನಮ್ಮ ನಿಯಮವಾಗಿತ್ತು. ಕೆಲವು ಶಾರ್ಕ್‌ಗಳು ಮೂತಿಯಿಂದ ಕ್ಯಾಮೆರಾವನ್ನು ಮೆಲ್ಲಗೆ ತಾಗಿ ಹೋಗುತ್ತವೆ. ಅವುಗಳ ಮೂತಿಯಲ್ಲಿರುವ ಲೊರೆಂಜಿನಿ ರಂಧ್ರಗಳು ಅತಿ ಸಣ್ಣ ವಿದ್ಯುತ್ತನ್ನೂ ಗ್ರಹಿಸುತ್ತವೆ, ಉಪ್ಪುನೀರಿನಲ್ಲಿರುವ ಲೋಹದ ಪೆಟ್ಟಿಗೆ ಅವಕ್ಕೆ ಪರೀಕ್ಷಿಸಿ ನೋಡಬೇಕಾದ ವಸ್ತು. ಅದನ್ನು ಆಕ್ರಮಣವೆಂದು ನಾವು ಚಿತ್ರದಲ್ಲಿ ಎಲ್ಲಿಯೂ ತೋರಿಸಿಲ್ಲ.

ಬೆಳಕಿನ ವಿಷಯದಲ್ಲಿ ನಾನು ಅತಿ ಹೆಚ್ಚು ಸಮಯ ಕಳೆದಿದ್ದೇನೆ. ನೀರು ಮೊದಲು ನುಂಗುವುದು ಕೆಂಪನ್ನು, ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಅದು ಬಹುಮಟ್ಟಿಗೆ ಮಾಯವಾಗಿರುತ್ತದೆ. ದೀಪ ಹಾಕಿದರೆ ನೀರಿನಲ್ಲಿರುವ ಕಣಗಳೆಲ್ಲ ಹೊಳೆದು ಚಿತ್ರ ಹಾಳಾಗುತ್ತದೆ, ದೂರದ ಶಾರ್ಕ್‌ಗೆ ಆ ಬೆಳಕು ತಲುಪುವುದೂ ಇಲ್ಲ. ಆದ್ದರಿಂದ ಬಿಸಿಲನ್ನೇ ನಂಬಿ, ಇಳಿದ ಆಳಕ್ಕೆ ತಕ್ಕಂತೆ ಬಿಳಿ ಹಲಗೆ ತೋರಿಸಿ ವೈಟ್ ಬ್ಯಾಲೆನ್ಸ್ (ಬಣ್ಣಗಳ ಸಮತೋಲ) ಹೊಂದಿಸಿ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಚಿತ್ರೀಕರಿಸಿದೆವು. ಶಾರ್ಕ್‌ನ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಮೇಲಿನಿಂದ ನೋಡಿದರೆ ಆಳದ ಕತ್ತಲಲ್ಲಿ, ಕೆಳಗಿನಿಂದ ನೋಡಿದರೆ ಮೇಲಿನ ಬೆಳಕಲ್ಲಿ ಅದು ಕರಗಿಹೋಗುತ್ತದೆ. ಹೀಗಾಗಿ ಅದರ ಮಟ್ಟಕ್ಕೇ ಇಳಿದು ಪಕ್ಕದಿಂದ, ಹೊಟ್ಟೆಯ ಬಿಳುಪು ಸುಟ್ಟುಹೋಗದಂತೆ ಎಕ್ಸ್‌ಪೋಷರ್ ಇಟ್ಟು ತೆಗೆದ ಚಿತ್ರಗಳಷ್ಟೇ ಸಂಕಲನದಲ್ಲಿ ಉಳಿದವು. ಚಪ್ಪಟೆ ಗಾಜಿನ ಮೂಲಕ ನೀರಿನಲ್ಲಿ ನೋಡಿದಾಗ ವಸ್ತು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ, ಲೆನ್ಸಿನ ನೋಟವೂ ಕಿರಿದಾಗುತ್ತದೆ. ಗುಮ್ಮಟದಂತೆ ಉಬ್ಬಿದ ಗಾಜಿನ ಡೋಮ್ ಪೋರ್ಟ್ ಹಾಕಿದರೆ ವೈಡ್ ಲೆನ್ಸಿನ ಪೂರ್ಣ ಅಗಲ ಮರಳಿ ಸಿಗುತ್ತದೆ. ನಮ್ಮ ಕರಾವಳಿಯ ತೇವದ ಗಾಳಿಯನ್ನು ಒಳಗಿಟ್ಟು ಹೌಸಿಂಗ್ (ಕ್ಯಾಮೆರಾಕ್ಕೆ ನೀರು ತಾಗದಂತೆ ಕಾಯುವ ಪೆಟ್ಟಿಗೆ) ಮುಚ್ಚಿದರೆ ನೀರಿನ ತಂಪಿಗೆ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಹಿಂದಿನ ರಾತ್ರಿಯೇ ಏಸಿ ಕೋಣೆಯಲ್ಲಿ ನೀರು ಒಳಬರದಂತೆ ತಡೆಯುವ ರಬ್ಬರ್ ಬಳೆಯಾದ ಓ-ರಿಂಗ್ ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿ, ಸಿಲಿಕಾ ಜೆಲ್ ಪೊಟ್ಟಣವಿಟ್ಟು ಮುಚ್ಚಿಕೊಂಡು ಬರುತ್ತಿದ್ದೆವು, ದೋಣಿಯಲ್ಲಿ ತೆರೆಯುವುದನ್ನು ಆದಷ್ಟು ತಪ್ಪಿಸುತ್ತಿದ್ದೆವು.

ತಿಮಿಂಗಿಲ ಶಾರ್ಕ್ ಎದುರಾದಾಗ ಮಾತ್ರ ಚಿತ್ರದ ಅಂದವನ್ನು ಬದಿಗಿಟ್ಟು ಮೊದಲು ಅದರ ಎಡಪಕ್ಕವನ್ನು, ಕಿವಿರಿನ ಸೀಳುಗಳ ಹಿಂದಿನ ಭಾಗವನ್ನು, ನೇರವಾಗಿ ತೆಗೆಯಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಅಲ್ಲಿನ ಚುಕ್ಕೆಗಳ ವಿನ್ಯಾಸ ಒಂದೊಂದರಲ್ಲೂ ಬೇರೆಬೇರೆ. ನಕ್ಷತ್ರಗಳ ಚಿತ್ರಗಳನ್ನು ಹೋಲಿಸಲು ಖಗೋಳ ವಿಜ್ಞಾನಿಗಳು ಬಳಸುತ್ತಿದ್ದ ಲೆಕ್ಕದ ವಿಧಾನವನ್ನೇ 2005ರಲ್ಲಿ ಈ ಚುಕ್ಕೆಗಳಿಗೆ ಹೊಂದಿಸಲಾಯಿತು. ಒಂದು ಒಳ್ಳೆಯ ಚೌಕಟ್ಟು ಸಿಕ್ಕರೆ ಅದೇ ಪ್ರಾಣಿ ಬೇರೆಡೆ ಕಂಡಾಗ ಗುರುತು ಹಿಡಿಯಬಹುದು. ಭಾರತದಲ್ಲಿ 2001ರಿಂದ ಅದಕ್ಕೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ಮುಟ್ಟಕೂಡದು, ದಾರಿಗೆ ಅಡ್ಡ ಹೋಗಕೂಡದು.

ಧ್ವನಿಯ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಶಾರ್ಕ್‌ಗೆ ಧ್ವನಿಪೆಟ್ಟಿಗೆಯಿಲ್ಲ. ಅದು ಹಾದುಹೋಗುವಾಗ ಗುಡುಗಿನಂಥ ಸದ್ದನ್ನು ಸೇರಿಸುವ ರೂಢಿಯನ್ನು ಬಿಟ್ಟು, ನೀರೊಳಗಿನ ಮೈಕ್ ಆದ ಹೈಡ್ರೋಫೋನಿನಲ್ಲಿ ಸಿಕ್ಕಿದ ನೀರಿನ ಸದ್ದನ್ನೂ ದೂರದ ಹಡಗುಗಳ ಎಂಜಿನ್ ಮೊರೆತವನ್ನೂ ಹಾಗೆಯೇ ಉಳಿಸಿದೆವು.

ಚಿತ್ರದ ಅರ್ಧಭಾಗ ದಡದಲ್ಲಿ ನಡೆಯುತ್ತದೆ. ಕರಾವಳಿಯಲ್ಲಿ ತಾಟೆ (ಶಾರ್ಕ್) ಮರಿಯನ್ನು ಬಾಣಂತಿಗೆ ಒಳ್ಳೆಯದೆಂದು ಬೇಯಿಸಿ ಕೊಡುತ್ತಾರೆ, ನಮ್ಮ ಮನೆಯಲ್ಲಿಯೂ ಕೊಟ್ಟಿದ್ದಾರೆ. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನ ಮೀನುಗಾರರು ಉದ್ದನೆಯ ಹಗ್ಗಕ್ಕೆ ಸಾಲಾಗಿ ಗಾಳಗಳನ್ನು ಕಟ್ಟಿ ಅರಬ್ಬೀ ಸಮುದ್ರದಲ್ಲಿ ದೂರದವರೆಗೂ ಹೋಗುವವರು, ಶಾರ್ಕ್ ಹಿಡಿಯುವುದು ಅವರ ಹಳೆಯ ಕಸುಬು. ಇವರನ್ನು ಅಪರಾಧಿಗಳಂತೆ ತೋರಿಸಿ ಚಿತ್ರ ಮುಗಿಸುವುದು ಅನ್ಯಾಯವಾಗುತ್ತಿತ್ತು. ತೆರೆದ ಕಡಲಿನ ಶಾರ್ಕ್ ಮತ್ತು ತೊರಕೆ (ರೇ) ಮೀನುಗಳ ಸಂಖ್ಯೆ 1970ರಿಂದ ಈಚೆಗೆ ಶೇಕಡಾ 71ರಷ್ಟು ಕುಸಿದಿದೆಯೆಂದು 2021ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನ ಹೇಳಿದೆ. ಹಿಂದೂ ಮಹಾಸಾಗರದಲ್ಲಿ ಮೀನು ಸೆಳೆಯಲು ತೇಲಿಬಿಡುವ ಸಾಧನಗಳ ಬಲೆಗೆ ಸಿಕ್ಕಿ ವರ್ಷಕ್ಕೆ ಸುಮಾರು 5ರಿಂದ 10 ಲಕ್ಷ ಸಿಲ್ಕಿ ಶಾರ್ಕ್‌ಗಳು ಸಾಯುತ್ತಿರಬಹುದೆಂದು 2013ರ ಅಧ್ಯಯನವೊಂದು ಅಂದಾಜಿಸಿತು. ಅವು ಬಹುಪಾಲು ಟ್ಯೂನಾ ಹಿಡಿಯುವ ದೊಡ್ಡ ಹಡಗುಗಳ ಸಾಧನಗಳು. ಬಂಗುಡೆ, ಬೂತಾಯಿಗಳಂತೆ ಸಾವಿರಾರು ಮೊಟ್ಟೆ ಬಿಟ್ಟು ಶಾರ್ಕ್ ಬೇಗ ಚೇತರಿಸಿಕೊಳ್ಳುವುದಿಲ್ಲ. ಸಿಲ್ಕಿ ಶಾರ್ಕ್ ಮರಿ ಹಾಕುವ ಪ್ರಾಣಿ, ಅದರ ಹೆಣ್ಣು ಪ್ರಾಯಕ್ಕೆ ಬರಲು ಹಲವು ವರ್ಷ ಬೇಕು. 2015ರಲ್ಲಿ ಭಾರತ ಶಾರ್ಕ್ ರೆಕ್ಕೆಯ ರಫ್ತನ್ನು ನಿಷೇಧಿಸಿದ್ದರಿಂದ ತೂತ್ತೂರಿನಂಥ ಊರುಗಳ ಆದಾಯಕ್ಕೆ ಪೆಟ್ಟು ಬಿದ್ದದ್ದೂ ನಿಜ.

ಈ ಎಲ್ಲವನ್ನೂ ನಿರೂಪಣೆಯಲ್ಲಿ ನಾನೇ ಹೇಳುವ ಬದಲು, ದಿಮ್ಮಿಯ ಕೆಳಗೆ ಸಿಲ್ಕಿ ಶಾರ್ಕ್‌ಗಳು ಸುತ್ತುತ್ತಿರುವ ದೃಶ್ಯವನ್ನು ಕತ್ತರಿಸದೆ ಉದ್ದಕ್ಕೆ ಬಿಟ್ಟು, ಅದರ ಮೇಲೆ ತಂಡೇಲರ ಮಾತನ್ನು ಇಟ್ಟೆ. ತಾವು ಹುಡುಗರಾಗಿದ್ದಾಗ ಎಷ್ಟು ದೂರ ಹೋದರೆ ಇಂಥ ಮೀನು ಕಾಣುತ್ತಿತ್ತು, ಈಗ ಎಷ್ಟು ದೂರ ಹೋಗಬೇಕಾಗುತ್ತದೆ ಎಂಬುದನ್ನು ಅವರು ಯಾರನ್ನೂ ದೂರದೆ, ಊರೂರ ಕಡಲ ಗುರುತುಗಳನ್ನು ಹೆಸರಿಸುತ್ತಾ ಹೇಳಿದ್ದಾರೆ. ಕುಂಬಳೆಯ ಕಡೆಯ ಮೀನುಗಾರರಿಗೆ ಚಿತ್ರ ತೋರಿಸಿದಾಗ ಆ ಗುರುತುಗಳ ಬಗ್ಗೆಯೇ ಅವರು ತಮ್ಮತಮ್ಮೊಳಗೆ ಬಹಳ ಹೊತ್ತು ಚರ್ಚಿಸಿದರು. ಅವರು ಸೂಚಿಸಿದ ಎರಡು ತಿದ್ದುಪಡಿಗಳನ್ನು ಅಂತಿಮ ಪ್ರತಿಯಲ್ಲಿ ಸೇರಿಸಿದ್ದೇನೆ.