ನೋವು ಮುಂದೆ, ಗಂಟು ಹಿಂದೆ

ಹುಬ್ಬಳ್ಳಿಯಲ್ಲಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುವ ಹೆಣ್ಣುಮಕ್ಕಳು ನನ್ನ ಫಿಸಿಯೋಥೆರಪಿ ಕೋಣೆಗೆ ಬಂದರೆ ಹೆಚ್ಚಾಗಿ ತೋರಿಸುವುದು ಬಲಭುಜದ ಮುಂಭಾಗ. “ಇಲ್ಲೇ ಒಳಗ ಕೊರೀತೈತ್ರಿ, ತೋಳಿಗೂ ಇಳೀತೈತಿ.” ಜೊತೆಗೆ ಎಕ್ಸ್‌ರೇ ತಂದಿರುತ್ತಾರೆ, ಅದರಲ್ಲಿ ಏನೂ ಇರುವುದಿಲ್ಲ. ಸ್ನಾಯುವಿನ ಗಂಟು ಎಕ್ಸ್‌ರೇಗೆ ಸಿಗುವಂಥದ್ದಲ್ಲ.

ಮೊದಲು ಕುತ್ತಿಗೆ ತಿರುಗಿಸಿ, ಕೈ ಎತ್ತಿಸಿ, ಹಿಡಿತದ ಬಲ ನೋಡುತ್ತೇನೆ. ಜೋಮು, ಬಲ ಕುಂದಿದ್ದು, ಜ್ವರ, ಎದೆ ಹಿಂಡಿದಂತಾಗುವುದು, ಇವುಗಳಲ್ಲಿ ಒಂದಿದ್ದರೂ ಕೈ ಹಚ್ಚದೆ ವೈದ್ಯರ ಹತ್ತಿರ ಕಳಿಸುತ್ತೇನೆ. ಸಕ್ಕರೆ ಕಾಯಿಲೆಯವರಲ್ಲಿ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದು ಕೈ ಎತ್ತಲಾಗದಂತಾಗುವುದು, ಹೆಚ್ಚು; ಅದರ ಉಪಚಾರವೇ ಬೇರೆ.

ಇವ್ಯಾವೂ ಇಲ್ಲದಿದ್ದರೆ ನನ್ನ ಬೆರಳು ಹಿಂದಕ್ಕೆ ಹೋಗುತ್ತದೆ. ಬೆನ್ನಿನ ರೆಕ್ಕೆ ಎಲುಬಿನ ಮೇಲೆ ಇನ್ಫ್ರಾಸ್ಪೈನೇಟಸ್ ಎಂಬ ಸ್ನಾಯು ಇದೆ. ಅದರಲ್ಲಿ ಹುರಿಯಂತೆ ಬಿಗಿದ ಎಳೆ, ಎಳೆಯ ಮೇಲೊಂದು ಗಂಟು. ಒತ್ತಿದ ಕೂಡಲೇ “ಹಾಂ, ಅದಽ ನೋವು, ಮುಂದ ಬಂತು ನೋಡ್ರಿ” ಅನ್ನುತ್ತಾರೆ. ಇದೇ ಟ್ರಿಗರ್ ಪಾಯಿಂಟ್. ಗಂಟು ಒಂದು ಕಡೆ, ನೋವು ಇನ್ನೊಂದು ಕಡೆ ಎಂಬುದನ್ನು ಸ್ನಾಯು ಸ್ನಾಯುವಿಗೂ ನಕ್ಷೆ ಮಾಡಿದವರಲ್ಲಿ ಮುಖ್ಯರು ಅಮೆರಿಕದ ಡಾ. ಜಾನೆಟ್ ಟ್ರಾವೆಲ್, ಕೆನಡಿ ಅಧ್ಯಕ್ಷರಾಗಿದ್ದಾಗ ಅವರ ವೈದ್ಯೆ. ಗಂಟು ಯಾಕೆ ಆಗುತ್ತದೆ ಎಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ.

“ಜೋರ್ ಒತ್ರಿ” ಎಂದು ಎಲ್ಲರೂ ಕೇಳುತ್ತಾರೆ. ನಾನು ಒತ್ತುವುದಿಲ್ಲ. ಹತ್ತರಲ್ಲಿ ಐದರಷ್ಟು ನೋವಾಗುವಲ್ಲಿ ಬೆರಳು ನಿಲ್ಲಿಸಿ 30ರಿಂದ 60 ಸೆಕೆಂಡ್ ಕಾಯುತ್ತೇನೆ, ನೋವು ಇಳಿದಂತೆ ತುಸು ಒಳಗೆ. ಅತಿಯಾದರೆ ಸ್ನಾಯು ಮತ್ತಷ್ಟು ಬಿಗಿಯುತ್ತದೆ, ಮರುದಿನ ನೀಲಿಗಟ್ಟುತ್ತದೆ. ಆಮೇಲೆ ಬಿಸಿ ಶಾಖ, ತೋಳನ್ನು ಎದೆಯ ಮೇಲೆ ಅಡ್ಡ ತಂದು ಮೆಲ್ಲಗೆ ಎಳೆಯುವುದು.

ಕೈಯ ಕೆಲಸದ ಹಗುರ ಬಹಳ ದಿನ ಉಳಿಯುವುದಿಲ್ಲ, ಹಾಗಾಗಿ ಮನೆಗೆ ಪಾಠ ಕೊಡುತ್ತೇನೆ: ಗೋಡೆಗೆ ಟೆನಿಸ್ ಚೆಂಡು ಇಟ್ಟು ರೆಕ್ಕೆ ಎಲುಬಿನ ಮೇಲೆ ಒರಗುವುದು, ರೆಕ್ಕೆಗಳನ್ನು ಹಿಂದೆ ಕೂಡಿಸಿ ಬಿಡುವುದು, ಮೊಳಕೈ ಪಕ್ಕೆಗೆ ಹಚ್ಚಿ ಗೋಡೆಯನ್ನು ಮುಂಗೈ ಹೊರಬದಿಯಿಂದ ಹಗುರಾಗಿ ಒತ್ತುವುದು. ರೊಟ್ಟಿ ಬಡಿಯುವ ಕೊಣಮಿಗೆ ಎತ್ತರ ಕೊಡಿ, ನಡುನಡುವೆ ಎದ್ದು ಕೈ ಬೀಸಿ ಎಂದರೆ “ಹಿಟ್ಟು ಆರ್ತೈತ್ರಿ” ಎಂಬ ಉತ್ತರ ಬರುತ್ತದೆ. ಅದೂ ನಿಜವೇ. ಹಿಟ್ಟನ್ನು ಸಣ್ಣ ಸಣ್ಣ ಪಾಲಾಗಿ ನಾದಿಕೊಂಡರೆ ಎದ್ದೇಳಲು ಬಿಡುವು ಸಿಗುತ್ತದೆ.

ಸಂಕ್ರಾಂತಿಗೆ ಸಜ್ಜಿ ರೊಟ್ಟಿಯ ಬೇಡಿಕೆ ಏರುತ್ತಲೇ ಹಳಬರು ಮತ್ತೆ ಬರುತ್ತಾರೆ. ಅವರಿಗೆಲ್ಲ ಈಗ ದೀಪಾವಳಿ ಮುಗಿದ ಕೂಡಲೇ ಗೋಡೆಯ ವ್ಯಾಯಾಮ ಶುರು ಮಾಡಲು ಹೇಳುತ್ತಿದ್ದೇನೆ.