ರಾತ್ರಿ ಎಂಟೂವರೆಗೆ "ಹಗಲು ಸಮಯ": ಟೈಮ್ ಝೋನ್ ಹೆಸರನ್ನ ಕನ್ನಡಕ್ಕೆ ತಂದ ನನ್ನ ಅನುಭವ

ಶಿರಸಿ ಹತ್ರ ನಮ್ಮೂರಲ್ಲಿ ಮಾರ್ಚ್ ಕೊನೆಗೆ ಒಂದು ಆಟ ಇತ್ತು, ಯಕ್ಷಗಾನ, ಪೂರ್ತಿ ರಾತ್ರಿದು. ಊರಿನವರು ಅರ್ಧ ಜನ ಹೊರದೇಶದಲ್ಲಿ ಇರೋದ್ರಿಂದ ಲೈವ್ ಹಾಕೋಣ ಅಂತಾಯ್ತು, ಪೇಜ್ ಮಾಡೋ ಕೆಲಸ ನನ್ನ ತಲೆಗೆ ಬಂತು. ಶುರು ರಾತ್ರಿ 9:30, ಮುಗಿಯೋದು ಬೆಳಿಗ್ಗೆ 6. ನೋಡೋರಿಗೆ ಅವರವರ ಊರಿನ ಟೈಮು ಕನ್ನಡದಲ್ಲೇ ಕಾಣ್ಬೇಕು, ಅಷ್ಟೇ ಕೆಲಸ ಅಂದ್ಕೊಂಡೆ.

ಸರ್ವರ್ ಹಳೇದು, ಅದರಲ್ಲಿದ್ದದ್ದು ಪ್ರೋಗ್ರಾಮಿಂಗ್ ಭಾಷೆ ಜಾವಾದ 8ನೇ ಆವೃತ್ತಿ. ಲೊಕೇಲ್ (ಭಾಷೆ, ದೇಶದ ಸೆಟ್ಟಿಂಗ್) ಕನ್ನಡ ಕೊಟ್ರೂ ಝೋನ್ ಹೆಸರು ಮಾತ್ರ ಇಂಗ್ಲಿಷಲ್ಲೇ, ಇಂಡಿಯಾ ಸ್ಟ್ಯಾಂಡರ್ಡ್ ಟೈಮ್ ಅಂತ. ಜಾವಾ 6ರಿಂದ ಟೈಮ್‌ಝೋನ್‌ನೇಮ್‌ಪ್ರೊವೈಡರ್ ಅಂತ ಒಂದು ಕ್ಲಾಸ್ (ಕೋಡಿನ ಅಚ್ಚು) ಇದೆ, ಅದನ್ನ ಎಕ್ಸ್‌ಟೆಂಡ್ ಮಾಡಿ ನಾವೇ ಹೆಸರು ಕೊಡಬಹುದು. ಝೋನ್ ಐಡಿ (ಝೋನಿನ ಗುರುತಿನ ಹೆಸರು), ಡೇಲೈಟ್ (ಬೇಸಿಗೇಲಿ ಗಡಿಯಾರ ಮುಂದಿಡೋದು) ಹೌದೋ ಅಲ್ವೋ, ಉದ್ದ ಹೆಸರೋ ಗಿಡ್ಡ ಹೆಸರೋ, ಲೊಕೇಲ್ ಯಾವುದು, ಈ ನಾಲ್ಕು ಬರುತ್ತೆ, ನಾವು ಹೆಸರಿನ ಸ್ಟ್ರಿಂಗ್ (ಅಕ್ಷರಗಳ ಸಾಲು) ವಾಪಸ್ ಕೊಡೋದು, ಗೊತ್ತಿಲ್ದಿದ್ರೆ ನಲ್, ಅಂದ್ರೆ ಏನೂ ಇಲ್ಲ ಅಂತ. ಒಂದು ಸಂಜೆಯ ಕೆಲಸ.

ಎಡವಟ್ಟಾಗಿದ್ದು ಹೆಸರಲ್ಲಿ. ಡೇಲೈಟ್ ಟೈಮ್ ಅನ್ನೋದನ್ನ ಹಿಂದೆಮುಂದೆ ನೋಡದೆ "ಹಗಲು ಸಮಯ" ಅಂತ, ಅಮೆರಿಕದ ಈಸ್ಟರ್ನ್ ಅನ್ನೋದನ್ನ "ಪೂರ್ವ" ಅಂತ ಹಾಕಿದ್ದೆ. ಟೆಸ್ಟ್ ಮಾಡೋಕೆ ನ್ಯೂಜೆರ್ಸಿಯಲ್ಲಿರೋ ಭಾವನಿಗೆ ಲಿಂಕ್ ಕಳಿಸಿದೆ. ಅಲ್ಲಿ ಮಾರ್ಚ್ ಎರಡನೇ ಭಾನುವಾರಕ್ಕೇ ಗಡಿಯಾರ ಒಂದು ತಾಸು ಮುಂದೆ ಹೋಗಿರುತ್ತಲ್ಲ, ಆಟ ಶುರು ಮಧ್ಯಾಹ್ನ 12ಕ್ಕೆ, ಮುಗಿಯೋದು ರಾತ್ರಿ 8:30ಕ್ಕೆ ಅಂತ ಬಂತು, ಲೆಕ್ಕ ಸರಿನೇ. ಭಾವ ಫೋನ್ ಮಾಡಿ, "ಎಂತದೋ ಮಾರಾಯ ಇದು, ರಾತ್ರಿ ಎಂಟೂವರೆಗೆ ಪೂರ್ವ ಹಗಲು ಸಮಯ ಹೇಳಿ ಬರ್ತಾ ಇದ್ದಲಾ" ಅಂತ ನಕ್ಕ. ನಗೋದೇ ಬಿಡಿ, ಪೂರ್ವ ಅಂದ್ರೆ ಎಲ್ಲಿಯ ಪೂರ್ವ ಅಂತಾನೂ ಓದೋರಿಗೆ ತಿಳಿಯಲ್ಲ.

ಗಿಡ್ಡ ಹೆಸರು ಹಾಕೋಣ ಅಂದ್ರೆ ಐಎಸ್‌ಟಿ ಭಾರತದ್ದೂ ಹೌದು, ಇಸ್ರೇಲ್‌ದೂ ಹೌದು, ಐರ್ಲೆಂಡಿನ ಬೇಸಿಗೆ ಟೈಮೂ ಹೌದು. ಆಮೇಲೆ ನೆನಪಾಯ್ತು, ನಮ್ಮ ಕಡೆ ಯಾರಾದ್ರೂ ಇಂಥ ಹೆಸರು ಹೇಳಿ ಮಾತಾಡ್ತಾರಾ? ಭಟ್ಕಳದ ಗೆಳೆಯ ಫೋನಲ್ಲಿ "ದುಬೈ ಟೈಮು ಎಂಟಕ್ಕೆ ಮಾಡ್ತೆ" ಅಂತಾನೇ ಹೊರತು ಗಲ್ಫ್ ಪ್ರಮಾಣಿತ ಸಮಯ ಅಂತ ಅವನ ಬಾಯಲ್ಲಿ ಒಂದಿನವೂ ಬಂದಿಲ್ಲ. ಸರಿ, ಎಲ್ಲಾ ಕಿತ್ತು ಊರಿನ ಹೆಸರೇ ಹಾಕಿದೆ: ಭಾರತದ ಸಮಯ, ದುಬೈ ಸಮಯ, ನ್ಯೂಯಾರ್ಕ್ ಸಮಯ. ಡೇಲೈಟ್ ಇರಲಿ ಬಿಡಲಿ ಹೆಸರು ಒಂದೇ, ಗಂಟೆ ಮಾತ್ರ ಲೆಕ್ಕದ ಪ್ರಕಾರ ಬದಲಾಗುತ್ತೆ. ಇದ್ರಲ್ಲಿ ಒಂದು ತೂತು ಇದೆ, ನವೆಂಬರ್ ಮೊದಲ ಭಾನುವಾರ ನ್ಯೂಯಾರ್ಕಲ್ಲಿ ಗಡಿಯಾರ ಹಿಂದೆ ಹೋಗಿ ರಾತ್ರಿ 1ರಿಂದ 2 ಎರಡು ಸಲ ಬರುತ್ತೆ, ಆಗ ಯಾವ 1:30 ಅಂತ ಗೊತ್ತಾಗಲ್ಲ. ಆ ಹೊತ್ತಿಗೆ ನಮ್ದು ಆಟ ಇಲ್ಲ ಅಂತ ಬಿಟ್ಟೆ.

ಆಮೇಲೆ ಸರ್ವರ್ ಜಾವಾ 17ಕ್ಕೆ ಹೋಯ್ತು, ನನ್ನ ಹೆಸರೆಲ್ಲಾ ಮಾಯ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ನೆಟ್ಟಗೆ "ಭಾರತೀಯ ಪ್ರಮಾಣಿತ ಸಮಯ" ಬರ್ತಿದೆ. ಅರ್ಧ ದಿನ ಜಾರ್ ಫೈಲ್ (ನನ್ನ ಕೋಡಿನ ಕಟ್ಟು) ಬಿಚ್ಚಿ ನೋಡ್ದೆ. ವಿಷಯ ಏನಂದ್ರೆ ಜಾವಾ 9ರಿಂದ ಯೂನಿಕೋಡ್‌ನವರ ಸಿಎಲ್‌ಡಿಆರ್ (ಬೇರೆ ಬೇರೆ ಭಾಷೆಯ ದಿನಾಂಕ, ಸಮಯದ ಹೆಸರುಗಳ ಸಂಗ್ರಹ) ಡೇಟಾನೇ ಡೀಫಾಲ್ಟು, ಅದರಲ್ಲಿ ಕನ್ನಡ ಮೊದಲೇ ಇದೆ, ನಾವು ಬರೆದ ಪ್ರೊವೈಡರ್ ಆ ಡೀಫಾಲ್ಟ್ ಲಿಸ್ಟಲ್ಲೇ ಇಲ್ಲ. ಜಾವಾ.ಲೊಕೇಲ್.ಪ್ರೊವೈಡರ್ಸ್ ಅನ್ನೋ ಪ್ರಾಪರ್ಟಿಗೆ (ಸೆಟ್ಟಿಂಗಿಗೆ) ನಮ್ಮಂಥವರು ಬರೆದ ಪ್ರೊವೈಡರ್ ಅಂದ್ರೆ ಎಸ್‌ಪಿಐ ಮೊದಲು, ಸಿಎಲ್‌ಡಿಆರ್ ಆಮೇಲೆ ಅಂತ ಕೊಟ್ಟೆ, ಬಂತು. ನಾನು ಹೆಸರು ಕೊಡದ ಝೋನಿಗೆ ಸಿಎಲ್‌ಡಿಆರ್ ಹೆಸರು ಸಿಗುತ್ತೆ, ಇದು ಇನ್ನೂ ಒಳ್ಳೇದೇ ಆಯ್ತು.

ಕೊನೇ ಪೇಚಾಟ ಐಡಿದು. ನನ್ನ ಟೇಬಲಲ್ಲಿ ಏಷ್ಯಾ/ಕೋಲ್ಕತಾ ಮಾತ್ರ ಇತ್ತು, ಕ್ರೋಮ್ ಕಳಿಸ್ತಿದ್ದದ್ದು ಹಳೇ ಹೆಸರು, ಏಷ್ಯಾ/ಕಲ್ಕತ್ತಾ, ಹಾಗಾಗಿ ಬ್ರೌಸರ್ ನೋಡ್ಕೊಂಡು ಬೇರೆ ಬೇರೆ ಹೆಸರು. ಸರಿ ಅಂತ ಎಲ್ಲಾ ಹಳೇ ಐಡಿಗಳನ್ನೂ ಝೋನ್ ಡೇಟಾಬೇಸಿನ (ಲೋಕದ ಟೈಮ್ ಝೋನುಗಳ ಪಟ್ಟಿ) ಲಿಂಕ್, ಅಂದ್ರೆ ಈ ಐಡಿ ಆ ಐಡಿಗೆ ಸಮ ಅನ್ನೋ ಸೂಚನೆ, ಅದರ ಪ್ರಕಾರ ಮೂಲ ಐಡಿಗೆ ತಿರುಗಿಸೋ ಕೋಡ್ ಬರ್ದೆ, ಬಹಳ ಜಾಣ ಅಂದ್ಕೊಂಡೆ. ಎರಡು ದಿನಕ್ಕೆ ಕುವೈತಿಂದ ಮೆಸೇಜು, "ನಾನು ಕುವೈತಲ್ಲಿದ್ದೇನೆ ಮಾರಾಯ್ರೆ, ರಿಯಾದ್ ಸಮಯ ಅಂತ ಯಾಕೆ ಬರ್ತಿದೆ". ಡೇಟಾಬೇಸಲ್ಲಿ ಕುವೈತ್ ರಿಯಾದ್‌ಗೆ ಲಿಂಕು, ಮಸ್ಕತ್ ದುಬೈಗೆ ಲಿಂಕು. ಗಡಿಯಾರ ಒಂದೇ ಇರಬಹುದು, ಊರು ಬೇರೆ ಅಲ್ವಾ. ಆ ಕೋಡ್ ಅಳಿಸಿ, ಕಲ್ಕತ್ತಾದಂಥ ಬರೀ ಹೆಸರು ಬದಲಾದ ಐಡಿಗಳನ್ನ ಮಾತ್ರ ಕೈಯಲ್ಲೇ ಜೋಡಿಸಿದೆ, ಕುವೈತ್ ಮಸ್ಕತ್ ಅವರವರ ಹೆಸರಲ್ಲೇ ಇರಲಿ ಅಂತ ಬಿಟ್ಟೆ. ಈಗ ಮಸ್ಕತ್ತಿನವರೊಬ್ಬರು ಅದು ಮಸ್ಕತ್ ಅಲ್ಲ, ಮಸ್ಕಟ್ ಅಂತ ಬರೀರಿ ಅಂತಿದ್ದಾರೆ.