ಸಿಡಿಗೆ ಬೂಷ್ಟು ಹಿಡಿದಿದ್ದರೆ ದುಂಡಗೆ ಒರೆಸಬೇಡಿ

ಆಟಿ ತಿಂಗಳ ಮಳೆಗೆ ತಾಳಮದ್ದಳೆಯ ಹಳೇ ಸಿಡಿಗಳಿಗೆ ಬೂಷ್ಟು ಬಂದಿದೆಯಾ? ಬಿಸಾಡಬೇಡಿ. ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ತೊಳೆಯಿರಿ. ಆಮೇಲೆ ಹಳೇ ಪಂಚೆಯ ಮೆತ್ತನೆ ತುಂಡಿನಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಬೈರಾಸು ಬೇಡ, ಅದು ಒರಟು. ಗ್ರಾಮಫೋನ್ ತಟ್ಟೆಯ ಹಾಗೆ ಸುತ್ತ ಒರೆಸಲೇಬಾರದು. ಯಾಕೆಂದರೆ ಸಿಡಿಯಲ್ಲಿ ಧ್ವನಿ ಇರುವುದು ಸುರುಳಿ ಗೆರೆಯಲ್ಲಿ. ಅಡ್ಡ ಬಿದ್ದ ಗೀರು ಒಂದೊಂದು ಸುತ್ತಿನಲ್ಲೂ ಚೂರೇ ಚೂರು ಹಾಳು ಮಾಡುತ್ತದೆ, ಅದನ್ನು ಪ್ಲೇಯರ್ ತಾನೇ ಸರಿಪಡಿಸಿಕೊಳ್ಳುತ್ತದೆ. ಗೀರು ಸುರುಳಿಯ ಉದ್ದಕ್ಕೇ ಬಿದ್ದು ಸುಮಾರು 2.5 ಮಿಲಿಮೀಟರ್ ದಾಟಿದರೆ ಮಾತ್ರ ಅದಕ್ಕೂ ಕಷ್ಟ, ಭಾಗವತರ ಪದ ನಡುವೆಯೇ ಕಡಿದುಹೋಗಬಹುದು. ಒಣಗಿಸುವುದು ನೆರಳಲ್ಲಿ, ಬಿಸಿಲಿಗೆ ಇಡಬೇಡಿ. ಎಲ್ಲದಕ್ಕೂ ಇದು ನಡೆಯುವುದಿಲ್ಲ. ಹೆಸರು ಅಚ್ಚಾದ ಮೇಲ್ಭಾಗದಲ್ಲೇ ಗೀರಿದ್ದರೆ, ಬೆಳಕಿಗೆ ಹಿಡಿದಾಗ ಸೂಜಿತೂತಿನ ಹಾಗೆ ಕಂಡರೆ, ಕೆಲಸ ಕೆಟ್ಟ ಹಾಗೆ. ಹೊಳೆಯುವ ಪದರ ಇರುವುದು ಆ ಬದಿಯಲ್ಲೇ, ಅದು ಎದ್ದುಹೋದರೆ ತೊಳೆದು ಸುಖವಿಲ್ಲ. ಮನೆಯಲ್ಲೇ ಬರ್ನ್ ಮಾಡಿದ ಸಿಡಿಗಳಲ್ಲಿ ಧ್ವನಿ ಬರೆದಿರುವ ಬಣ್ಣದ ಪದರವೇ ಬಿಸಿಲು, ಸೆಕೆಗೆ ಮಾಸುತ್ತದೆ. ಅದಕ್ಕೂ ಇದು ಮದ್ದಲ್ಲ. ಅಂಥದ್ದು ಒಮ್ಮೆ ಓದಿತೆಂದರೆ ಕೂಡಲೇ ಕಂಪ್ಯೂಟರಿಗೆ ಇಳಿಸಿಡಿ. ಫೋನಲ್ಲಿ ಎಲ್ಲ ಸಿಗುತ್ತದಲ್ವಾ ಅನ್ನಬಹುದು. ಕುಂಬಳೆಯ ಯಾವುದೋ ಮನೆ ಜಗಲಿಯಲ್ಲಿ ನಡೆದ ಕೂಟದ ರೆಕಾರ್ಡಿಂಗ್ ಯಾವ ಆ್ಯಪಿನಲ್ಲೂ ಇಲ್ಲ ಮಾರಾಯ್ರೇ.